ಖಾಲಿ ಹೋಗದ ಟ್ರಂಕು

ಬೈಲಹೊಂಗಲದ ನಮ್ಮ ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ತಂಪು ಕೋಣೆ ಇದೆ. ಸುತ್ತಲಿನ ಊರುಗಳ ಜನರ ಎದೆ, ಹೊಟ್ಟೆ, ತಲೆಬುರುಡೆ, ಮೊಣಕಾಲು ಎಲ್ಲ ಆ ಕೋಣೆಯೊಳಗಿವೆ. ಹೆದರಬೇಡಿ, ಬರೀ ಚಿತ್ರಗಳು. ಸ್ಕ್ಯಾನ್ ಯಂತ್ರ ತೆಗೆದ ಚಿತ್ರಗಳು ಅಲ್ಲಿನ ಡಿಸ್ಕಿಗೆ ಬಂದು ಬೀಳುತ್ತವೆ. ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಶಾಖೆಗಳಲ್ಲಿ ತೆಗೆದವೂ ಅಲ್ಲಿಗೇ ಬರುತ್ತವೆ. ಡಿಸ್ಕು ತುಂಬುತ್ತಾ ಬಂದಾಗ ಹಳೆಯ ಚಿತ್ರಗಳನ್ನು ಟೇಪಿಗೆ ಇಳಿಸಿ, ಡಿಸ್ಕಿನಿಂದ ಅಳಿಸುತ್ತಾರೆ. ಟೇಪು ಅಂದರೆ ಹಾಡಿನ ಕ್ಯಾಸೆಟ್ಟಿನ ದಪ್ಪನೆಯ ಅಣ್ಣ. ಅಂಗೈಯಷ್ಟು ಡಬ್ಬಿಯೊಳಗೆ ಒಂದು ತಾಲೂಕಿನ ಎಲುಬುಗಳನ್ನೆಲ್ಲ ತುಂಬಬಹುದು.

ಈ ಕೋಣೆ ನನ್ನ ಕೊರಳಿಗೆ ಬಿದ್ದದ್ದು ನನ್ನ ಸಿಟ್ಟಿನಿಂದ. ಅದಕ್ಕೂ ಮೊದಲು ನಾನು ಹೆಸರು ಬರೆಸುವ ಕಿಟಕಿಯಲ್ಲಿದ್ದೆ. ಸರತಿ ಬಿಟ್ಟು ನುಗ್ಗುವವರಿಗೆ, ವಯಸ್ಸು ಕೇಳಿದರೆ "ನೀವ ಬರಕೋರಿ" ಅನ್ನುವವರಿಗೆ ನಾನು ಮುಖ ನೋಡದೆ ಬೈಯುತ್ತಿದ್ದೆ. ಒಮ್ಮೆ ಯಾರೋ ದೊಡ್ಡವರ ಬೀಗರಿಗೂ ಬೈದೆ. ಇವಳನ್ನು ಮನುಷ್ಯರ ಮುಂದೆ ಕೂರಿಸುವುದಕ್ಕಿಂತ ಯಂತ್ರದ ಮುಂದೆ ಕೂರಿಸುವುದು ಆಸ್ಪತ್ರೆಗೆ ಕ್ಷೇಮ ಎಂದು ಆಡಳಿತಾಧಿಕಾರಿಗಳಿಗೆ ಅನ್ನಿಸಿತು. ಹೇಗೂ ನಾನು ಕಂಪ್ಯೂಟರು ಕಲಿತವಳು. ಕೋಣೆ ನೋಡಿಕೊಳ್ಳುತ್ತಿದ್ದ ಸಾಹೇಬರು ಅದೇ ಹೊತ್ತಿಗೆ ಕೆಲಸ ಬಿಟ್ಟು ಹೋಗಿದ್ದರು. ಬೀಗದ ಕೈ ನನಗೆ ಬಂತು.

ಹೋದ ಮೊದಲ ವಾರವೇ ಹೊಸ ಡಿಸ್ಕುಗಳ ದೊಡ್ಡ ಕಪಾಟೊಂದು ಬಂದಿಳಿಯಿತು. ಅದರ ಹಿಂದೆಯೇ ಅಪ್ಪಣೆಯೂ ಬಂತು. ಯಾವ ವರ್ಷದ ಚಿತ್ರ ಡಿಸ್ಕಿನಲ್ಲಿರಬೇಕು, ಯಾವುದು ಟೇಪಿಗೆ ಹೋಗಬೇಕು, ಯಾವ ಟೇಪು ಎಲ್ಲಿರಬೇಕು, ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ನಾನು ಉತ್ಸಾಹದಿಂದ ಹಳೆಯ ಕಂಪ್ಯೂಟರು ಚಾಲೂ ಮಾಡಿದೆ. ಅದು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಯಾವ ಚಿತ್ರ ಯಾವ ಟೇಪಿನಲ್ಲಿದೆ ಎಂಬ ಪಟ್ಟಿ ಇದ್ದದ್ದು ಅದರೊಳಗೆ ಮಾತ್ರ. ನಮ್ಮಲ್ಲಿ ಚಹಾದ ಲೆಕ್ಕಕ್ಕೂ ಎರಡನೆಯ ಪ್ರತಿ ಇತ್ತು. ಚಿತ್ರಗಳು ಎಲ್ಲಿವೆ ಎಂದು ಹೇಳುವ ಪಟ್ಟಿಗೆ ಮಾತ್ರ ಇರಲಿಲ್ಲ.

ಇರಲಿ, ಟೇಪಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದನ್ನು ಓದಿದರಾಯಿತು ಎಂದುಕೊಂಡೆ. ಟೇಪುಗಳು ಇದ್ದದ್ದು ಸವದತ್ತಿಯಲ್ಲಿ. ಬೈಲಹೊಂಗಲದಲ್ಲಿ ಬೆಂಕಿ ಬಿದ್ದರೆ ಡಿಸ್ಕೂ ಟೇಪೂ ಒಟ್ಟಿಗೆ ಸುಡಬಾರದು, ಅದಕ್ಕೇ ಬೇರೆ ಊರಿನಲ್ಲಿ ಇಡಬೇಕೆಂಬುದು ನಿಯಮ. ಎಲ್ಲಿಡಬೇಕು ಎಂದು ಹಿಂದೊಮ್ಮೆ ದೊಡ್ಡ ಸಭೆಯೇ ನಡೆದಿತ್ತಂತೆ. ಕಿತ್ತೂರಿನ ಕಡೆ ಮಳೆ ಜಾಸ್ತಿ, ಬೂಷ್ಟು ಹಿಡಿಯುತ್ತದೆ ಎಂದು ಒಬ್ಬರು ತಲೆ ಅಲ್ಲಾಡಿಸಿದರು. ರಾಮದುರ್ಗಕ್ಕೆ ಮಲಪ್ರಭೆಯ ನೀರು ನುಗ್ಗುತ್ತದೆ ಎಂದು ಇನ್ನೊಬ್ಬರು. ಕೊನೆಗೆ ಯಾರೋ, ಸವದತ್ತಿಯ ಗುಡ್ಡದ ಮೇಲೆ ದೇವಿಯೇ ಕೂತಿದ್ದಾಳೆ, ಅಲ್ಲಿಗೆ ಏನು ಬಂದೀತು ಎಂದರು. ವಿಜ್ಞಾನದ ಚರ್ಚೆ ಅಲ್ಲಿಗೆ ಮುಗಿಯಿತು.

ಅಂದಿನಿಂದ ಪ್ರತಿ ಶನಿವಾರ ಔಷಧಿ ಒಯ್ಯುವ ಜೀಪಿನಲ್ಲಿ ಒಂದು ಕಬ್ಬಿಣದ ಟ್ರಂಕು ಹೋಗುತ್ತದೆ. ಒಳಗೆ ಸ್ಪಂಜಿನ ಹಾಸು, ಹಾಸಿನಲ್ಲಿ ಟೇಪುಗಳಿಗೆ ಗೂಡು. ಸವದತ್ತಿ ಶಾಖೆಯ ಉಗ್ರಾಣವನ್ನು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಅವನ್ನು ಇಳಿಸಿಕೊಂಡು ಕಪಾಟಿನಲ್ಲಿಡುತ್ತಾರೆ. ಟ್ರಂಕು ಅದೇ ಜೀಪಿನಲ್ಲಿ ವಾಪಸ್ಸು. ನನ್ನ ಕೋಣೆಯ ಗೋಡೆಯ ಮೇಲೆ ಹಿಂದಿನ ಸಾಹೇಬರ ಕೈಬರಹದ ಒಂದು ಸೂಚನೆ ಇತ್ತು: "ಟ್ರಂಕಿನಲ್ಲಿ ತಿರುಗಿ ಬಂದ ಟೇಪಿನ ಅವಧಿ ಮುಗಿದಿರುತ್ತದೆ. ಅಳಿಸಿ, ಮತ್ತೆ ಬಳಸಿ." ಓದಿದಾಗ ಎಷ್ಟು ಅಚ್ಚುಕಟ್ಟು ಅನ್ನಿಸಿತ್ತು.

ಜೀಪಿನ ಡ್ರೈವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಆ ದಿನಗಳಲ್ಲಿ ಕಾಕಾನಿಗೆ ಕೆಮ್ಮು ಹತ್ತಿತ್ತು. ಸ್ಕ್ಯಾನ್ ಮಾಡಿಸಿದರು. ಎದೆಯೊಳಗೆ ಕಡಲೆಕಾಳಿನಷ್ಟು ಒಂದು ಬಿಳಿ ಕಲೆ ಕಂಡಿತು. ಚಿತ್ರ ನೋಡುವ ನಮ್ಮ ಡಾಕ್ಟರು ಅವರನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ಇದು ಹೊಸಾದಿತ್ತಂದ್ರ ಸುಮ್ಮನ ಬಿಡಾಕ ಬರೂದಿಲ್ಲ. ಹುಬ್ಬಳ್ಯಾಗ ಎದಿ ತಗದು ನೋಡತಾರ. ಹಳೇದಿದ್ದು, ಆವಾಗೂ ಇಷ್ಟ ಇತ್ತಂದ್ರ ಅಂಜೂದ ಬ್ಯಾಡ, ಯಾವಾಗಿಂದೋ ಗಾಯದ ಕಲಿ. ಹಿಂದ ಎಂದರ ಎದಿ ಸ್ಕ್ಯಾನ್ ಮಾಡಿಸಿದ್ದಿ ಏನು?"

ಮಾಡಿಸಿದ್ದರು. ಕೆಲವು ವರ್ಷಗಳ ಹಿಂದೆ ಹೂಲಿ ದಾಟಿ ರಾಮದುರ್ಗಕ್ಕೆ ಹೋಗುವಾಗ ಎಮ್ಮೆ ಅಡ್ಡ ಬಂದು ಜೀಪು ಮಗುಚಿತ್ತು. ಕಾಕಾನ ಬಲಗೈ ಮುರಿದಿತ್ತು, ಪಕ್ಕೆಲುಬಿಗೂ ಪೆಟ್ಟಾಗಿತ್ತು. ಆಗ ನಮ್ಮಲ್ಲೇ ಎದೆಯ ಸ್ಕ್ಯಾನ್ ಆಗಿತ್ತು. ಕೈಗೆ ಕೊಟ್ಟ ಕಪ್ಪು ಫಿಲ್ಮು ಎಲ್ಲಿ ಎಂದು ಡಾಕ್ಟರು ಕೇಳಿದರು.

"ಗ್ರಹಣ ನೋಡಾಕಂತ ಓಣಿಯವರು ಕೇಳಿದ್ರಿ, ಕೊಟ್ಟೆ. ಎಲ್ಲಾರಿಗೂ ಸಾಲಬೇಕಲ್ರಿ, ಕತ್ತರಿ ತಗೊಂಡು ತುಂಡ ತುಂಡ ಮಾಡಿ ಹಂಚಿಕೊಂಡ್ರು."

ಹುಬ್ಬಳ್ಳಿಯಲ್ಲಿ ಸೋಮವಾರಕ್ಕೆ ಆಪರೇಶನ್ ಗೊತ್ತಾಗಿತ್ತು. ಕಾಕಾ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ಆ ಟೇಪಿನ್ಯಾಗ ನಂದೂ ಇರಬೇಕಲ್ರಿ?" ಎಂದು ಕೇಳಿದರು. ಇದ್ದೇ ಇರುತ್ತದೆ, ಕಳೆದುಹೋಗಲು ಅದೇನು ನಿಮ್ಮ ಓಣಿಯ ಕೈಗೆ ಸಿಕ್ಕಿದೆಯೇ ಎಂದು ಗದರಿದೆ.

ಆ ಶನಿವಾರ ಟ್ರಂಕಿನ ಜೊತೆ ನಾನೂ ಹೊರಟೆ. ಯರಗಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಾಕಾ ತಮ್ಮ ಊಟದ ಡಬ್ಬಿಯನ್ನು ತೆಗೆದು ಟ್ರಂಕಿನೊಳಗೆ, ಟೇಪಿನ ಪಕ್ಕದ ಖಾಲಿ ಗೂಡಿನಲ್ಲಿ ಇಡುವುದನ್ನು ಕಂಡೆ.

"ಕಾಕಾ! ಅದರಾಗ ಊಟ ಇಡ್ತೀರೇನ್ರಿ?"

"ಹಿಂದಿಂದ ಅಲ್ಲೇ ಇಡತೇನ್ರಿ. ತಂಪ ಇರತೈತಿ, ಗಾಡಿ ಕುಣಿದ್ರೂ ಅಳಗ್ಯಾಡೂದಿಲ್ಲ. ರೊಟ್ಟಿ, ಶೇಂಗಾ ಚಟ್ನಿ. ಚಟ್ನಿ ಮ್ಯಾಲ ಎಣ್ಣಿ ಹಾಕಿರ್ತಾಳ್ರಿ, ಬ್ಯಾರೆ ಕಡೆ ಇಟ್ರ ಚೆಲ್ಲತೈತಿ."

ಮುನವಳ್ಳಿ ಬರುವವರೆಗೂ ಬೈದೆ. ಟೇಪಿಗೆ ಧೂಳು ಆಗದು, ಬಿಸಿಲು ಆಗದು, ಎಣ್ಣೆ ಅಂತೂ ಆಗಲೇ ಆಗದು, ಇದು ಆಸ್ಪತ್ರೆಯ ಆಸ್ತಿಯೋ ನಿಮ್ಮ ಮನೆಯ ನೆಲುವೋ ಎಂದೆ. ಕಾಕಾ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಾಡಿ ಓಡಿಸಿದರು. ನಾಡಿದ್ದು ಎದೆ ಕೊಯ್ಯಿಸಿಕೊಳ್ಳುವ ಮನುಷ್ಯನಿಗೆ ಬೈಯಬಾರದಿತ್ತು ಅಂತ ಅನ್ನಿಸಲಿಲ್ಲವೆಂದಲ್ಲ. ನನಗೆ ಹೆದರಿಕೆಯಾದಾಗಲೂ ಬಾಯಲ್ಲಿ ಬೈಗುಳವೇ ಬರುತ್ತದೆ, ಏನು ಮಾಡಲಿ.

ಸವದತ್ತಿಯ ಸಿಸ್ಟರ್ ನನ್ನನ್ನು ಬೀಗರಂತೆ ಬರಮಾಡಿಕೊಂಡರು. ನೀರು, ಅವಲಕ್ಕಿ, ಚಹಾ ಆದ ಮೇಲೆಯೇ ಉಗ್ರಾಣದ ಬೀಗ ತೆಗೆದರು. ಕಪಾಟು ಲಕಲಕ ಹೊಳೆಯುತ್ತಿತ್ತು. ಟೇಪುಗಳ ಸಾಲಿಗೆ ವಿಭೂತಿ ಹಚ್ಚಿ, ಮುಂದೆ ಒಂದು ಚೆಂಡುಹೂವು ಇಟ್ಟಿದ್ದರು. ಮೇಲಿನ ಸಾಲಿನಲ್ಲಿ ಇತ್ತೀಚಿನ ತಿಂಗಳುಗಳ ಟೇಪುಗಳಿದ್ದವು. ಕೆಳಗಿನ ಸಾಲುಗಳು ಬೋಳು. ವರ್ಷಗಟ್ಟಲೆಯ ಟೇಪುಗಳು ಇರಬೇಕಾದ ಕಡೆ ಸಾರಿಸಿದ ನೆಲದಂಥ ಖಾಲಿ ಹಲಗೆ.

"ಸಿಸ್ಟರ್, ಉಳದವು ಎಲ್ಲಿ ಅದಾವ್ರಿ?"

"ಎಲ್ಲಿರತಾವವಾ? ನಿಮ್ಮಲ್ಲೇ ಅದಾವ."

"ನಮ್ಮಲ್ಲಿ ಹೆಂಗ ಬರತಾವ್ರಿ?"

"ಹೆಂಗಂದ್ರ? ನೀವು ಶನಿವಾರಕ್ಕೊಮ್ಮೆ ಟ್ರಂಕು ತುಂಬಿ ಕಳಸ್ತೀರಿ. ತುಂಬಿ ಬಂದದ್ದನ್ನ ಖಾಲಿ ತಿರಗಿ ಕಳಸಾಕ ಬರತೈತೇನು? ನೆರಿಮನಿಯವರು ಹೋಳಿಗಿ ಕೊಟ್ಟ ಡಬ್ಬಿ ನೀ ಖಾಲಿ ಕೊಡ್ತಿ ಏನವಾ?"

ಕೊಡುವುದಿಲ್ಲ. ನಮ್ಮ ಅವ್ವನೂ ಕೊಟ್ಟವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಪಾತ್ರೆ ತಿರುಗಿಸುತ್ತಿದ್ದಳು.

"ಮೊದಲ ನಾನೂ ಸಕ್ಕರಿನ ಹಾಕಿ ಕಳಿಸಿದೆ," ಎಂದರು ಸಿಸ್ಟರ್. "ನಿಮ್ಮ ಹಿಂದಿನ ಸಾಹೇಬರು ಫೋನ್ ಮಾಡಿ, ಟ್ರಂಕಿನ್ಯಾಗ ಟೇಪು ಬಿಟ್ಟು ಬ್ಯಾರೆ ಏನೂ ಇರಬಾರದು ಅಂತ ಭಾಳ ಸಿಟ್ಟ ಮಾಡಿದ್ರು. ಆತು ಬಿಡ್ರಿ ಅಂತ ಆವತ್ತಿಂದ ಟೇಪನ ಹಾಕಾಕ ಹತ್ತೇನಿ. ಶನಿವಾರಕ್ಕ ಒಂದು, ಒಮ್ಮೊಮ್ಮೆ ಎರಡು."

ಎಲ್ಲ ಒಮ್ಮೆಲೇ ಅರ್ಥವಾಯಿತು. ಇಲ್ಲಿಂದ ಮರ್ಯಾದೆಗಾಗಿ ಒಂದು ಟೇಪು ಹೋಗುತ್ತಿತ್ತು. ಅಲ್ಲಿ ಸಾಹೇಬರು ಅದನ್ನು ಅವಧಿ ಮುಗಿದದ್ದೆಂದು ಅಳಿಸಿ, ಹೊಸ ಚಿತ್ರ ತುಂಬಿ ಮತ್ತೆ ಕಳಿಸುತ್ತಿದ್ದರು. ಎರಡೂ ಕಡೆ ಯಾರೂ ನಿಯಮ ಮುರಿದಿರಲಿಲ್ಲ. ಸ್ವಲ್ಪ ಬೇಜವಾಬ್ದಾರಿ ಇದ್ದಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತು. ಬೈಯಲು ಯಾರೂ ಸಿಗದೆ ನಾನು ಕಪಾಟಿನ ಬಾಗಿಲನ್ನು ಹಿಡಿದು ನಿಂತೆ.

"ಯಾವುದನ್ನ ಕಳಸತಿದ್ರಿ?" ಎಂದು ಕೇಳಿದ್ದು ಕಾಕಾ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಆವತ್ತು ಬಂದದ್ದನ್ನ ಆವತ್ತ ತಿರಗಿ ಕೊಟ್ರ ಮುಖಕ್ಕ ಹೊಡದಂಗ ಆಗತೈತಿ. ಹಳೇವದಾಗಿಂದ ಛಲೋದು, ಚೀಟಿ ನೆಟ್ಟಗಿದ್ದದ್ದು, ಒರಸಿ ಇಡತಿದ್ದೆ. ಕೊಡೂದು ಕೊಡತೇವಿ, ಹೊಲಸಾದದ್ದು ಯಾಕ ಕೊಡಬೇಕು?"

ಕಾಕಾ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕುಳಿತರು. "ಅಂದ್ರ ನನ್ನ ಎದಿ ನಾನ ಹೊತ್ಕೊಂಡು ಹೋಗಿ ಅಳಸಾಕ ಕೊಟ್ಟ ಬಂದೇನಿ," ಎಂದರು. ನಗುತ್ತಲೇ ಅಂದರು, ಆದರೆ ಅವರ ಕೈ ಎದೆಯ ಮೇಲಿತ್ತು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಸಿಸ್ಟರಿಗೆ ವಿಷಯ ಗೊತ್ತಿರಲಿಲ್ಲ. ಕಾಕಾನ ಎದೆಯ ಕಲೆ, ಹಳೆಯ ಚಿತ್ರ, ಸೋಮವಾರದ ಆಪರೇಶನ್ ಎಲ್ಲ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಗ್ಗಿ, ಕಪಾಟಿನ ಅಡಿಯಿಂದ ಒಂದು ಬಿದಿರಿನ ಪುಟ್ಟಿಯನ್ನು ಎಳೆದರು. ಹಳೆಯ ಬಟ್ಟೆಯಲ್ಲಿ ಸುತ್ತಿದ ಐದಾರು ಟೇಪುಗಳು ಅದರಲ್ಲಿದ್ದವು. ಮೇಲಿನ ಚೀಟಿಗಳೆಲ್ಲ ಕಂದಾಗಿ, ಅಕ್ಷರ ಕಲಸಿ, ಜಿಡ್ಡು ಹಿಡಿದಿದ್ದವು. ಮೂಸಿದರೆ ಶೇಂಗಾ ಎಣ್ಣೆಯ ವಾಸನೆ.

"ಇವು ಒಂದ ಸಲ ಬಂದಾವವಾ, ಎಣ್ಣಿ ಹತ್ತಿಸಿಕೊಂಡು. ಇವನ್ನ ತಿರಗಿ ಕಳಸಾಕ ಬರೂದಿಲ್ಲ. ಟ್ರಂಕು ಬರೂದು ಶನಿವಾರ. ಶನಿವಾರ ಮನಿಯಿಂದ ಎಣ್ಣಿ ಹೊರಗ ಕೊಡತಾರೇನು? ಅದಕ್ಕ ಇಲ್ಲೇ ಇಟ್ಟೆ."

ಕಾಕಾ ಪುಟ್ಟಿಯನ್ನು ನೋಡಿದರು. ತಮ್ಮ ಬಲ ಮುಂಗೈಯನ್ನು ನೋಡಿದರು.

"ಅಕ್ಕಾರ, ಇದು ನನ್ನ ಚಟ್ನಿ ಎಣ್ಣಿನ. ಕೈಯಿಂದ ಪ್ಲಾಸ್ಟರ್ ತಗದ ಮ್ಯಾಲ ಮೊದಲನೇ ಶನಿವಾರ. ಯರಗಟ್ಟ್ಯಾಗ ಅರ್ಧ ಉಂಡು ಮುಚ್ಚಳ ತಿರಗಸಾಕ ಹೋದ್ರ ಕೈಯಾಗ ಬಲ ಇರಲಿಲ್ಲ. ಅರ್ಧಾ ಕುಂತಿತ್ತು ಮುಚ್ಚಳ. ಹಂಗ ಟ್ರಂಕಿನ್ಯಾಗ ಇಟ್ಟೆ."

ಕೈ ಮುರಿದಾಗ ಸ್ಕ್ಯಾನ್. ಕೈ ಕೂಡಿಕೊಂಡಾಗ ಎಣ್ಣೆ. ಆಗಿನ ಸಣ್ಣ ಡಿಸ್ಕು ಒಂದೆರಡು ತಿಂಗಳಿಗೇ ತುಂಬುತ್ತಿತ್ತು. ಹಾಗಾದರೆ ಕೈ ಮುರಿದ ದಿನಗಳ ಚಿತ್ರಗಳೇ ಆ ಟ್ರಂಕಿನಲ್ಲಿ ಇದ್ದಿರಬೇಕು. ನಾನು ಪುಟ್ಟಿಯನ್ನು ಎತ್ತಿಕೊಂಡೆ. ಸಿಸ್ಟರ್ ಅದರ ಇನ್ನೊಂದು ಕಡೆ ಹಿಡಿದುಕೊಂಡರು.

"ಇವತ್ತ ಶನಿವಾರ ಐತವಾ."

"ಸಿಸ್ಟರ್, ಸೋಮವಾರ ಅವರ ಎದಿ ಕೊಯ್ಯತಾರ್ರಿ!"

"ಅದಕ್ಕ ಅನ್ನಾಕ ಹತ್ತೇನಿ. ಇಂಥಾ ಹೊತ್ತಿನ್ಯಾಗ ಶನಿವಾರದ ಎಣ್ಣಿ ಅವನ ಕೈಯಾಗ ಕೊಟ್ಟು, ನಾಳೆ ಹೆಚ್ಚುಕಡಿಮಿ ಆತಂದ್ರ? ನಾ ಕೊಡೂದಿಲ್ಲ. ನಾಳೆ ಐತವಾರ, ಮುಂಜಾನೆದ್ದು ಒಯ್ಯರಿ."

ನಾಳೆ ಚಿತ್ರ ನೋಡುವ ಡಾಕ್ಟರು ಊರಲ್ಲಿ ಇರುವುದಿಲ್ಲ. ಹಾಗೆಂದು ಹೇಳಿದೆ, ಕೂಗಿದೆ, ನಿಯಮ ಓದಿ ಹೇಳಿದೆ, ಆಡಳಿತಾಧಿಕಾರಿಗಳ ಹೆದರಿಕೆ ಹಾಕಿದೆ. ಪುಟ್ಟಿ ನಮ್ಮಿಬ್ಬರ ನಡುವೆ ಆ ಕಡೆ ಈ ಕಡೆ ತೂಗಾಡಿತು. ಔಷಧಿಗೆ ಬಂದವರು ಕಿಟಕಿಯಲ್ಲಿ ಇಣುಕಿ ನೋಡತೊಡಗಿದರು. ಸಿಸ್ಟರ್ ಕಣ್ಣಲ್ಲಿ ನೀರಿತ್ತು, ಹಿಡಿತ ಮಾತ್ರ ಸಡಿಲವಾಗಲಿಲ್ಲ. ಅವರು ಹೆದರಿದ್ದು ಕಾಕಾನ ಸಲುವಾಗಿಯೇ ಎಂದು ನನಗೆ ಗೊತ್ತಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಆಗ ಕಾಕಾ ಎದ್ದು ಬಂದರು.

"ಸಿಸ್ಟರ್, ನಿಮ್ಮನಿ ಎಣ್ಣಿ ನೀವು ಕೊಡಬ್ಯಾಡ್ರಿ. ಇದು ನಮ್ಮನಿ ಎಣ್ಣಿ. ಗಾಣದಿಂದ ನಾನ ತಂದದ್ದು, ನನ್ನ ಹೇಂತಿ ಚಟ್ನಿಗಿ ಹಾಕಿದ್ದು, ನನ್ನ ಡಬ್ಬ್ಯಾಗಿಂದ ಚೆಲ್ಲಿದ್ದು. ನಿಮ್ಮಲ್ಲಿ ಇಟ್ಟಿದ್ದೆ. ನಂದು ನಾ ತಗೊಂಡ ಹೋಗತೇನಿ."

ಸಿಸ್ಟರ್ ಅವರನ್ನೇ ದಿಟ್ಟಿಸಿದರು. ಶಾಸ್ತ್ರವನ್ನು ಒಳಗೊಳಗೇ ತಿರುವಿ ಹಾಕಿದಂತೆ ಕಂಡಿತು. "ಹೌದಲ್ಲ," ಎಂದರು. "ಹಂಗಾದ್ರ ನಾ ಕೊಟ್ಟಂಗ ಆಗೂದಿಲ್ಲ." ಪುಟ್ಟಿ ಬಿಟ್ಟರು. ಬಿಟ್ಟ ರಭಸಕ್ಕೆ ನಾನು ಹಿಂದಿನ ಅಕ್ಕಿ ಚೀಲದ ಮೇಲೆ ಕುಳಿತೆ. ಹೊರಡುವಾಗ ನನ್ನ ಉಡಿ ತುಂಬಿ, ಹಣೆಗೆ ಕುಂಕುಮ ಹಚ್ಚಿದರು.

ಬೈಲಹೊಂಗಲಕ್ಕೆ ಬಂದು ಡಬ್ಬಿಗಳನ್ನು ಹತ್ತಿಯಿಂದ ಒರೆಸಿದೆ. ಎಣ್ಣೆ ಒಳಗೆ ಇಳಿದಿಲ್ಲ ಎಂದುಕೊಂಡೆ. ಮೊದಲನೆಯ ಟೇಪನ್ನು ಯಂತ್ರ ಉಗುಳಿತು. ಒರೆಸಿ ಮತ್ತೆ ಹಾಕಿದೆ, ಮತ್ತೆ ಉಗುಳಿತು. ಎರಡನೆಯದು ಓದಿತು, ಆದರೆ ಅದರ ತುಂಬ ಕಿತ್ತೂರಿನ ಮೊಣಕಾಲುಗಳು. ಕಾಕಾ ನನ್ನ ಹಿಂದೆ ನಿಂತು ತಮ್ಮ ಊಟದ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಒಳಗಿನ ರೊಟ್ಟಿ ಅಂದು ಉಂಡಿರಲಿಲ್ಲ. ಮೂರನೆಯ ಟೇಪು ಬಹಳ ಹೊತ್ತು ಗಿರಗಿರ ತಿರುಗಿತು. ಆಮೇಲೆ ಪರದೆಯ ಮೇಲೆ ಅವರ ಹೆಸರು ಬಂತು.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ಅಳೆದರು. ಮತ್ತೊಮ್ಮೆ ಅಳೆದರು. ಹಳೆಯ ಎದೆಯಲ್ಲಿಯೂ ಕಡಲೆಕಾಳು ಅದೇ ಜಾಗದಲ್ಲಿ, ಅಷ್ಟೇ ಇತ್ತು.

"ಹಳೇ ಗಿರಾಕಿನ ಐತಿ," ಎಂದರು ಡಾಕ್ಟರು. "ಒಂದೀಟೂ ಬೆಳದಿಲ್ಲ. ಹುಬ್ಬಳ್ಳಿ ಬ್ಯಾಡ. ಕೆಮ್ಮಿಗೆ ಔಷಧಿ ಬರಕೊಡತೇನಿ, ಮನಿಗೆ ಹೋಗು."

ಕಾಕಾ ಹೊರಗೆ ಬಂದು, ಜೀಪಿನ ಮೆಟ್ಟಿಲ ಮೇಲೆ ಕುಳಿತು, ಡಬ್ಬಿ ಬಿಚ್ಚಿ ಗಬಗಬನೆ ಉಂಡರು. ಉಣ್ಣುತ್ತಾ ಉಣ್ಣುತ್ತಾ ಅತ್ತರು. ನನಗೂ ಅರ್ಧ ರೊಟ್ಟಿ ಕೊಟ್ಟರು. ಅಷ್ಟು ರುಚಿಯಾದ ಚಟ್ನಿಯನ್ನು ನಾನು ಉಂಡಿಲ್ಲ.

ಅಳಿದುಹೋದ ವರ್ಷಗಳು ಅಳಿದೇ ಹೋದವು. ಯಾರ ಯಾರ ಎದೆ ಅದರಲ್ಲಿತ್ತೋ ಎಂದು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಗೋಡೆಯ ಸೂಚನೆಯನ್ನು ನಾನು ಹರಿದುಹಾಕಿದೆ. ಈಗ ಉಳಿದುಕೊಂಡ ಚಿತ್ರಗಳೂ ಹೊಸದಾಗಿ ಬರುವವೂ ಎಲ್ಲ ಹೊಸ ಡಿಸ್ಕಿನಲ್ಲಿವೆ. ಎಲ್ಲವೂ ಎರಡೆರಡು ಟೇಪಿನಲ್ಲಿವೆ, ಒಂದು ಸವದತ್ತಿಯಲ್ಲಿ, ಒಂದು ರಾಮದುರ್ಗದ ಶಾಖೆಯ ಮೇಲಂತಸ್ತಿನಲ್ಲಿ. ಪಟ್ಟಿಗೂ ಪ್ರತಿ ಇದೆ. ಉಳಿದದ್ದು ಟ್ರಂಕಿನ ಪ್ರಶ್ನೆ. ಇನ್ನು ಮೇಲೆ ಖಾಲಿಯೇ ಕಳಿಸಿ ಎಂದು ಸಿಸ್ಟರಿಗೆ ಫೋನ್ ಮಾಡಿದೆ.

"ಬ್ಯಾರೆ ಏನರ ಹೇಳವಾ, ಅದೊಂದು ಆಗೂದಿಲ್ಲ," ಎಂದರು.

ಸಕ್ಕರೆ, ಬೆಲ್ಲ ಆದರೆ ಇರುವೆ ಬರುತ್ತದೆ. ಕೊನೆಗೆ ಒಂದು ಒಡೆಯದ ಗೋಟಡಿಕೆಯ ಮೇಲೆ ಒಪ್ಪಂದವಾಯಿತು. ಈಗ ಶನಿವಾರ ಅದೇ ಅಡಿಕೆ ಟೇಪುಗಳ ಜೊತೆ ಸವದತ್ತಿಗೆ ಹೋಗುತ್ತದೆ, ಒಬ್ಬಂಟಿಯಾಗಿ ತಿರುಗಿ ಬರುತ್ತದೆ. ಸ್ಪಂಜಿನಲ್ಲಿ ಅದಕ್ಕೊಂದು ಸಣ್ಣ ಗೂಡು ಕೊರೆದಿದ್ದೇನೆ. ತಪಾಸಣೆಗೆ ಬಂದವರು ಇದೇನೆಂದು ಕೇಳಿದರು. ಟೇಪುಗಳ ರಕ್ಷಣೆಗೆ ಎಂದೆ, ಅವರು ಬರೆದುಕೊಂಡು ಹೋದರು.

ಹೊಸ ವ್ಯವಸ್ಥೆಯ ಮೊದಲ ಶನಿವಾರ ಕಾಕಾನ ಎದೆ ಇದ್ದ ಹೊಸ ಟೇಪನ್ನೂ ಟ್ರಂಕಿಗೆ ಹಾಕಿದೆ. ಟ್ರಂಕಿನ ಮುಚ್ಚಳದ ಒಳಗೆ, ತಿನ್ನುವ ಪದಾರ್ಥ ಕಟ್ಟುನಿಟ್ಟಾಗಿ ನಿಷೇಧ ಎಂದು ದೊಡ್ಡ ಅಕ್ಷರದಲ್ಲಿ ನಾನೇ ಅಂಟಿಸಿದ್ದೆ. ಕಾಕಾ ಅದನ್ನು ಓದಿದರು. ಆಮೇಲೆ ತಮ್ಮ ಊಟದ ಡಬ್ಬಿ ಬಿಚ್ಚಿ, ಚಟ್ನಿಯ ಮೇಲಿನ ಎಣ್ಣೆಯಲ್ಲಿ ಬೆರಳು ಅದ್ದಿ, ಆ ಒಂದು ಟೇಪಿನ ಚೀಟಿಯ ಮೇಲೆ ಸವರಿದರು.

"ಅಡಿಕಿ ಮ್ಯಾಲ ನನಗ ಭರವಸಾ ಇಲ್ರಿ ಅಕ್ಕಾರ," ಎಂದು, ಎಣ್ಣೆಯ ಬೆರಳನ್ನು ಹಾಗೆಯೇ ಎತ್ತಿ ಹಿಡಿದು, ಬೈಗುಳಕ್ಕೆ ಕಾಯುತ್ತಾ ನಿಂತರು.

ನಾನು ಬಗ್ಗಿ ಟೇಪನ್ನು ನೋಡಿದೆ.

"ಆ ಮೂಲಿ ಬಿಟ್ಟೈತಿ ನೋಡ್ರಿ," ಎಂದೆ. "ಅಲ್ಲೂ ಒಂದೀಟ ಹಚ್ಚರಿ."